ಮಹಾಯೋಜನೆಗೆ ಆಕ್ಷೇಪಣೆ: 60 ದಿನ, ರಿ.ಸ.ನಂ. ಮತ್ತು ನಕ್ಷೆಯ ಮಿಲಿಮೀಟರ್ ಲೆಕ್ಕ

ಊರು ಮುಂದೆ ಯಾವ ದಿಕ್ಕಿಗೆ ಬೆಳೆಯಬೇಕು ಎನ್ನುವುದರಲ್ಲಿ ನಿವಾಸಿಗಳ ಪಾಲೇನು ಎಂದು ಕೇಳಿದರೆ ಪರೀಕ್ಷೆಯ ಗೈಡುಗಳೆಲ್ಲ ಸಂವಿಧಾನದ 74ನೇ ತಿದ್ದುಪಡಿ ಹೇಳಿ ಕೈತೊಳೆದುಕೊಳ್ಳುತ್ತವೆ. ನಿಜವಾಗಿ ಅರ್ಜಿ ಹಾಕುವ ಹೊತ್ತಿಗೆ ಬೇಕಾಗುವುದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961. ಜನ ಇವತ್ತಿಗೂ ‘ಸಿಡಿಪಿ’ (ಸಮಗ್ರ ಅಭಿವೃದ್ಧಿ ಯೋಜನೆ) ಎನ್ನುವುದು ಈ ಕಾಯ್ದೆಯ ಮಹಾಯೋಜನೆಗೇ, ಅಂದರೆ ಮಾಸ್ಟರ್ ಪ್ಲಾನಿಗೇ. ಬೆಳಗಾವಿಯಲ್ಲಿ ಇದನ್ನು ಮಾಡುವುದು ಪಾಲಿಕೆಯಲ್ಲ, ಬುಡಾ, ಅಂದರೆ ಬೆಳಗಾವಿ ನಗರಾಭಿವೃದ್ಧಿ ಪ್ರಾಧಿಕಾರ. ಅರ್ಜಿ ಪಾಲಿಕೆಗೆ ಕೊಟ್ಟು ಕಾಯುತ್ತ ಕೂತರೆ ಅವಧಿ ಅಲ್ಲೇ ಕಳೆದುಹೋಗುತ್ತದೆ. ದಂಡು ಪ್ರದೇಶದ್ದು ಬೇರೆ ಕಾನೂನು, ಬೇರೆ ಮಂಡಳಿ. ಅದನ್ನು ಇಲ್ಲಿ ಬಿಟ್ಟಿದೆ.

ಬಾಗಿಲು ತೆರೆಯುವುದು ಯಾವಾಗ

ಕಲಂ 10: ಸರ್ವೆಗೆ ಮೊದಲು ‘ಯೋಜನೆ ತಯಾರಿಸುತ್ತೇವೆ’ ಎಂಬ ಘೋಷಣೆ ಗೆಜೆಟ್‌ನಲ್ಲಿ ಬರುತ್ತದೆ. ಆಗ ನಕ್ಷೆಯಿನ್ನೂ ಖಾಲಿ. ಸಲಹೆ ಕೊಡಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ, ಆದರೆ ಯಾರೂ ಗಮನಿಸುವುದಿಲ್ಲ.

ಕಲಂ 13: ಸರ್ಕಾರದ ತಾತ್ಕಾಲಿಕ ಅನುಮೋದನೆ ಸಿಕ್ಕ ಮೇಲೆ ಪ್ರಾಧಿಕಾರ ಯೋಜನೆಯನ್ನು ಪ್ರಕಟಿಸಿ 60 ದಿನದೊಳಗೆ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಬಂದದ್ದನ್ನು ಪರಿಶೀಲಿಸಿ, ಬೇಕೆನಿಸಿದ ಮಾರ್ಪಾಡುಗಳ ಶಿಫಾರಸಿನೊಂದಿಗೆ ನಗರ ಯೋಜನಾ ಇಲಾಖೆಯ ನಿರ್ದೇಶಕರ ಮೂಲಕ ಸರ್ಕಾರಕ್ಕೆ ಮತ್ತೆ ಕಳಿಸಬೇಕು. ಆಮೇಲೆ ಅಂತಿಮ ಅನುಮೋದನೆ. ಪರೀಕ್ಷೆಯಲ್ಲೂ ಕಚೇರಿಯಲ್ಲೂ ಉಪಯೋಗಕ್ಕೆ ಬರುವ ಎರಡು ಮಾತು ಇಲ್ಲಿವೆ. ಅಭಿಪ್ರಾಯ ಬರವಣಿಗೆಯಲ್ಲಿರಬೇಕು; ಸಭೆಯಲ್ಲಿ ಎದ್ದು ನಿಂತು ಕೂಗಿದ್ದು ಲೆಕ್ಕಕ್ಕಿಲ್ಲ. ಇನ್ನೊಂದು, ‘ಸಾರ್ವಜನಿಕರಲ್ಲಿ ಯಾರಾದರೂ’ ಎಂದಿದೆಯೇ ಹೊರತು ಮಾಲೀಕರು ಎಂದಿಲ್ಲ. ಬಾಡಿಗೆ ಮನೆಯವರೂ ಕೊಡಬಹುದು, ಪಕ್ಕದ ಓಣಿಯವರೂ ಕೊಡಬಹುದು.

ಕಲಂ 13ಡಿ: ಹತ್ತು ವರ್ಷಕ್ಕೊಮ್ಮೆಯಾದರೂ ಹೊಸ ಸರ್ವೆ, ಪರಿಷ್ಕರಣೆ.

ಕಲಂ 14ಎ: ಯೋಜನೆ ಜಾರಿಗೆ ಬಂದ ಮೇಲೆ ಭೂಬಳಕೆ ಬದಲಾವಣೆ. ದಿನಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. 60 ದಿನದ ಜೊತೆ ಇದನ್ನು ಕಲಸಿಕೊಳ್ಳುವವರೇ ಹೆಚ್ಚು. ಇಡೀ ಊರಿನ ಯೋಜನೆಗೆ 60, ಒಂದು ತುಂಡು ಜಮೀನಿನ ಬಣ್ಣ ಬದಲಿಸಲು 15 ಎಂದು ನೆನಪಿಟ್ಟರೆ ಸಾಕು. ಪತ್ರಿಕೆಯ ಮೂಲೆಯಲ್ಲಿ ಬರುವ ನಾಲ್ಕು ಸಾಲಿನ ಪ್ರಕಟಣೆ ಹೆಚ್ಚಾಗಿ ಈ ಎರಡನೆಯ ಜಾತಿಯದು.

ದಿನ ಎಣಿಸುವುದು ಗೆಜೆಟ್‌ ತಾರೀಖಿನಿಂದಲೋ ಪತ್ರಿಕೆಯ ತಾರೀಖಿನಿಂದಲೋ ಎಂದು ವಾದಿಸುವುದಕ್ಕಿಂತ, ಎರಡರಲ್ಲಿ ಮೊದಲು ಬಂದದ್ದನ್ನೇ ಹಿಡಿದು ಕೊಡುವುದು ಕ್ಷೇಮ.

ನಕ್ಷೆ ಅಳೆಯುವುದು (ಎಲ್ಲರೂ ಎಡವುವ ಜಾಗ)

ಕೇಂದ್ರದ ಅಮೃತ್ ಯೋಜನೆಯಡಿ ತಯಾರಾಗುವ ಜಿಐಎಸ್ (ಕಂಪ್ಯೂಟರ್ ಭೂಮಾಹಿತಿ ವ್ಯವಸ್ಥೆ) ಆಧಾರಿತ ನಕ್ಷೆಗಳ ಪ್ರಮಾಣ 1:4000. ಅಂದರೆ ಹಾಳೆಯ ಮೇಲಿನ 1 ಮಿ.ಮೀ. ನೆಲದ ಮೇಲೆ 4 ಮೀಟರ್, 1 ಸೆಂ.ಮೀ. 40 ಮೀಟರ್. 12 ಮೀಟರ್ ರಸ್ತೆ ನಕ್ಷೆಯಲ್ಲಿ 3 ಮಿ.ಮೀ., 24 ಮೀಟರ್‌ದು 6 ಮಿ.ಮೀ. ಇಲ್ಲಿಗೆ ಎಲ್ಲರಿಗೂ ಅರ್ಥವಾಗುತ್ತದೆ.

ತೊಡಕು ಶುರುವಾಗುವುದು ಪಿಡಿಎಫ್ ಇಳಿಸಿಕೊಂಡು ಝೆರಾಕ್ಸ್ ಅಂಗಡಿಯಲ್ಲಿ ಎ4 ಪ್ರಿಂಟ್ ತೆಗೆಸಿದಾಗ. ಮೂಲ ಹಾಳೆ ಎ0 ಆಗಿದ್ದರೆ ಅದರ ಉದ್ದ 1189 ಮಿ.ಮೀ., ಎ4 ಹಾಳೆಯದು 297 ಮಿ.ಮೀ. ಉದ್ದ ನಾಲ್ಕು ಪಟ್ಟು ಕುಗ್ಗಿತು. ಆದರೆ ಮೂಲೆಯಲ್ಲಿ ‘1:4000’ ಎಂಬ ಅಕ್ಷರ ಹಾಗೇ ಉಳಿಯಿತು! ನಿಜವಾದ ಪ್ರಮಾಣ ಈಗ ಸುಮಾರು 1:16000, 1 ಮಿ.ಮೀ. ಎಂದರೆ 16 ಮೀಟರ್. ಆದ್ದರಿಂದ ಅಂಕಿಯನ್ನು ನಂಬಬಾರದು, ನಕ್ಷೆಯ ಕೆಳಗೆ ಗೆರೆಯಾಗಿ ಬಿಡಿಸಿರುವ ಅಳತೆಪಟ್ಟಿಯನ್ನು ನಂಬಬೇಕು. ನಕ್ಷೆ ಕುಗ್ಗಿದಷ್ಟೇ ಅದೂ ಕುಗ್ಗಿರುತ್ತದೆ.

ಕ್ಷೇತ್ರಫಲಕ್ಕೆ ಬಂದರೆ ತಪ್ಪು ಇನ್ನೂ ದೊಡ್ಡದು. ಉದ್ದ 4 ಪಟ್ಟು ಕುಗ್ಗಿದರೆ ಕ್ಷೇತ್ರ 16 ಪಟ್ಟು ಕುಗ್ಗುತ್ತದೆ. ಮೂಲ ಹಾಳೆಯಲ್ಲಿ 1 ಚದರ ಸೆಂ.ಮೀ. ಎಂದರೆ 40 × 40 = 1,600 ಚದರ ಮೀಟರ್, ಗುಂಟೆಗೆ 101.17 ಚ.ಮೀ.ಯಂತೆ ಸುಮಾರು 15.8 ಗುಂಟೆ. ಎ4 ಪ್ರತಿಯಲ್ಲಿ ಅದೇ 1 ಚದರ ಸೆಂ.ಮೀ. 160 × 160 = 25,600 ಚ.ಮೀ., ಆರು ಎಕರೆಗೂ ಮೇಲೆ. ‘ನಮ್ಮ ಭಾಗದ ಉದ್ಯಾನಕ್ಕೆ 16 ಗುಂಟೆ ಮಾತ್ರ ಬಿಟ್ಟಿದ್ದಾರೆ’ ಎಂದು ಎ4 ಪ್ರತಿ ನೋಡಿ ಬರೆದರೆ ಅರ್ಜಿ ಅಲ್ಲೇ ಸತ್ತಂತೆ. ಒಂದು ಅಂಕಿ ತಪ್ಪಿದರೆ ಉಳಿದ ನಾಲ್ಕು ಸರಿ ಮಾತನ್ನೂ ಯಾರೂ ಓದುವುದಿಲ್ಲ.

ಹಳೆಯ ಗ್ರಾಮ ನಕ್ಷೆಗಳ ಪ್ರಮಾಣ ಹೆಚ್ಚಾಗಿ 1:7920. ಅದನ್ನು ಮಹಾಯೋಜನೆಯ ಹಾಳೆಯ ಮೇಲಿಟ್ಟು ಬೆಳಕಿಗೆ ಹಿಡಿದರೆ ಬಾಂದಗಳು (ಗಡಿ ಗುರುತುಗಳು) ಕೂಡುವುದಿಲ್ಲ. ಮೊದಲು ಎರಡನ್ನೂ ಒಂದೇ ಪ್ರಮಾಣಕ್ಕೆ ತರಬೇಕು.

ಇದೆಲ್ಲದರ ಉಪಯೋಗ ರಸ್ತೆ ಅಗಲೀಕರಣದಲ್ಲಿ ಕಾಣುತ್ತದೆ. 9 ಮೀಟರ್ ಗಲ್ಲಿಯನ್ನು 18 ಮೀಟರ್ ಎಂದು ತೋರಿಸಿದ್ದಾರೆ ಎನ್ನಿ. ನಡುಗೆರೆಯಿಂದ ಸಮನಾಗಿ ಹಂಚಿದರೆ ಎರಡೂ ಬದಿಗೆ 4.5 ಮೀಟರ್ ಹೋಗುತ್ತದೆ. ಮೂಲ ಹಾಳೆಯಲ್ಲಿ ಅದು 1.1 ಮಿ.ಮೀ. ಅರ್ಧ ಮಿ.ಮೀ. ದಪ್ಪದ ಗೆರೆಯೇ 2 ಮೀಟರ್ ನುಂಗುತ್ತದೆ. ಹಾಗಾಗಿ ಯಾವ ಮನೆಯ ಗೋಡೆ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಈ ನಕ್ಷೆಯಿಂದ ಹೇಳಲು ಬರುವುದೇ ಇಲ್ಲ. ಹೇಳುವವರ ಮಾತು ಕೇಳಬೇಡಿ. ಅರ್ಜಿಯಲ್ಲಿ ಕೇಳಬೇಕಾದದ್ದು: ಪ್ರಸ್ತಾವಿತ ಅಗಲ ಎಷ್ಟು ಮೀಟರ್, ನಡುಗೆರೆ ಎಲ್ಲಿಂದ ಹಿಡಿದದ್ದು, ಎರಡೂ ಬದಿಗೆ ಸಮನೋ ಒಂದೇ ಬದಿಗೋ, ಯಾವ ಸಿಟಿಎಸ್ (ನಗರ ಸರ್ವೆ) ನಂಬರುಗಳು ಬರುತ್ತವೆ.

ಅರ್ಜಿಯ ಒಡಲು

‘ನಮ್ಮ ಬಡಾವಣೆಗೆ ಅನ್ಯಾಯವಾಗಿದೆ’ ಎಂದರೆ ಪರಿಶೀಲಿಸಲು ಏನೂ ಇಲ್ಲ. ಒಂದು ಅರ್ಜಿಗೆ ಒಂದೇ ವಿಷಯ: ಹಾಳೆ ಸಂಖ್ಯೆ, ಗ್ರಾಮ, ರಿ.ಸ.ನಂ. (ಜಮೀನಿನ ಸರ್ವೆ ನಂಬರು) ಮತ್ತು ಹಿಸ್ಸಾ (ಅದರ ಉಪವಿಭಾಗ), ಕರಡಿನಲ್ಲಿ ತೋರಿಸಿದ ಬಳಕೆ, ಬೇಕಾದ ಬಳಕೆ, ಕಾರಣ, ದಾಖಲೆ. ಬಣ್ಣದ ಗುರುತು ಸ್ಥೂಲವಾಗಿ ಹೀಗೆ: ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ, ಹಸಿರು ಉದ್ಯಾನ. ಖಚಿತಕ್ಕೆ ಅದೇ ಹಾಳೆಯ ಸೂಚಿ ನೋಡಿ.

ಬೆಳಗಾವಿಯ ಬಳ್ಳಾರಿ ನಾಲಾ ಮಳೆಗಾಲದಲ್ಲಿ ಉಕ್ಕಿ ಹೊಲಗಳಿಗೆ ನುಗ್ಗುತ್ತದೆ. ಅದರ ದಂಡೆಯ ಹೊಲಕ್ಕೆ ಹಳದಿ ಬಂದಿದ್ದರೆ ‘ಪ್ರವಾಹ ಬರುತ್ತದೆ’ ಎಂದಷ್ಟೇ ಬರೆದು ಕೈಬಿಡಬಾರದು. ಗ್ರಾಮ ನಕ್ಷೆಯಲ್ಲಿ ನಾಲಾದ ಅಗಲ, ಉತಾರದಲ್ಲಿನ (ಪಹಣಿಯಲ್ಲಿನ) ಖರಾಬು ಕ್ಷೇತ್ರ, ಅಂದರೆ ಸಾಗುವಳಿಗೆ ಬಾರದ ಜಾಗ, ತಾರೀಖು ಸಹಿತ ನೀರು ನಿಂತ ಫೋಟೊ, ನೀರು ಮುಟ್ಟಿದ ಕಡೆಯ ಹಿಸ್ಸಾ ಯಾವುದು, ಇವು ಬೇಕು. ಹಳೆಯ ಗಲ್ಲಿಗಳಲ್ಲಿ ಮರಾಠಿ ಓದುವವರಿಗೆ ಪ್ರಕಟಣೆಯ ಸಾರವನ್ನು ಅವರ ಭಾಷೆಯಲ್ಲೇ ಹೇಳದಿದ್ದರೆ ನೀರಿನ ಗುರುತು ಬಲ್ಲ ಹಿರಿಯರ ಸಹಿ ಸಿಗುವುದಿಲ್ಲ.

ವಿಜಯಪುರದಲ್ಲಿ ವಿಷಯ ನೆಲದ ಕೆಳಗಿದೆ. ಆದಿಲ್‌ಶಾಹಿ ಕಾಲದ ಸುರಂಗ ಕಾಲುವೆ, ಅಂದರೆ ಕರೇಜ್, ಮೇಲಿನಿಂದ ಕಾಣುವುದು ಸಾಲು ಬಾವಿಯಂಥ ಗಾಳಿಕಿಂಡಿಗಳಾಗಿ ಮಾತ್ರ. ಭೂಬಳಕೆಯ ಹಾಳೆ ನೆಲದ ಮೇಲಿನದನ್ನಷ್ಟೇ ತೋರಿಸುವುದರಿಂದ ಪ್ರತಿ ಕಿಂಡಿಯ ಅಕ್ಷಾಂಶ ರೇಖಾಂಶ ಕೊಟ್ಟು, ಅವುಗಳನ್ನು ಕೂಡಿಸುವ ಗೆರೆಯ ಎರಡೂ ಬದಿ ಕಟ್ಟಡರಹಿತ ಪಟ್ಟಿ ಕೇಳಬೇಕು. ಗೋಳಗುಮ್ಮಟದಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ ಮಾತ್ರ ಕೇಳುವ ಪ್ರಶ್ನೆಯೇ ಬರುವುದಿಲ್ಲ: ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಮಹಾಯೋಜನೆ ಅದನ್ನು ಸಡಿಲಿಸಲಾರದು.

ಬಾಗಲಕೋಟೆಯಲ್ಲಿ ಎಲ್ಲವೂ ಆಲಮಟ್ಟಿಯ ನೀರಿನ ಮಟ್ಟಕ್ಕೆ ಸಂಬಂಧಿಸಿದ್ದು. 519.6 ಮೀಟರ್‌ನಿಂದ 524.256ಕ್ಕೆ ಏರಿಸುವುದೆಂದರೆ 4.656 ಮೀಟರ್. ಎತ್ತರ ಕಡಿಮೆ ಎನಿಸುತ್ತದೆ, ಆದರೆ ನೆಲ 100ಕ್ಕೆ 1ರಂತೆ ಏರುವ ಕಡೆ ನೀರು ಸುಮಾರು 466 ಮೀಟರ್ ಒಳಬರುತ್ತದೆ. 200ಕ್ಕೆ 1 ಇದ್ದರೆ 931 ಮೀಟರ್. ಆದ್ದರಿಂದ ‘ಹಿನ್ನೀರಿನಿಂದ ಇಷ್ಟು ದೂರ’ ಎಂದು ಬರೆಯದೆ, ಜಾಗದ ಎತ್ತರವನ್ನು ಸಮುದ್ರಮಟ್ಟದಿಂದ ಬರೆಯಬೇಕು. ನವನಗರ ಬೆಳೆದದ್ದು 1983ರ ಪ್ರತ್ಯೇಕ ಕಾಯ್ದೆಯ ಬಿಟಿಡಿಎ (ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ) ಕೈಯಲ್ಲಿ. ಅರ್ಜಿ ಯಾರಿಗೆ ಎಂಬುದನ್ನು ಪ್ರಕಟಣೆ ನೋಡಿಯೇ ತೀರ್ಮಾನಿಸಿ.

ವಾರ್ಡ್ ಸಮಿತಿ

ಸಂವಿಧಾನದ 243ಎಸ್ 3 ಲಕ್ಷ ಮತ್ತು ಮೇಲ್ಪಟ್ಟ ಜನಸಂಖ್ಯೆಯ ಊರಿಗೆ ವಾರ್ಡ್ ಸಮಿತಿ ಕಡ್ಡಾಯ ಮಾಡುತ್ತದೆ. 2011ರ ಜನಗಣತಿಯಂತೆ ಬೆಳಗಾವಿ (ಸುಮಾರು 4.9 ಲಕ್ಷ), ವಿಜಯಪುರ (ಸುಮಾರು 3.3 ಲಕ್ಷ) ಒಳಗೆ, ಬಾಗಲಕೋಟೆ (ಸುಮಾರು 1.1 ಲಕ್ಷ) ಹೊರಗೆ. ಪಾಲಿಕೆ ಕಾಯ್ದೆಯಂತೆ ವಾರ್ಡಿನ ಸದಸ್ಯರೇ ಅಧ್ಯಕ್ಷರು, ಜೊತೆಗೆ ಹತ್ತು ಜನ: ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿ ಸಂಘದವರು. ಕಲಂ 13ರಲ್ಲಿ ಈ ಸಮಿತಿಯ ಹೆಸರಿಲ್ಲ, ಆದರೂ ಠರಾವು ಮಾಡಿಸಿ ಅರ್ಜಿಗೆ ಲಗತ್ತಿಸುವುದು ಒಳ್ಳೆಯದು.

ಕೊಟ್ಟ ಮೇಲೆ

ಕಚೇರಿಯ ಟಪಾಲು ವಿಭಾಗದ ಆವಕ ಸಂಖ್ಯೆ, ಶಿಕ್ಕೆ (ಮೊಹರು) ಇಲ್ಲದ ನಕಲು ಬರೀ ಕಾಗದವಷ್ಟೇ. ಅಚ್ಚುಮೆಚ್ಚಿನ ಉಪಾಯ ಒಂದಿದೆ: ಪ್ರಕಟಣೆ ಬಂದ ದಿನವೇ ₹10 ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಆಯಾ ಹಾಳೆಯ ಈಗಿನ ಭೂಬಳಕೆಯ ಸರ್ವೆ ವಿವರ ಕೇಳಿ. ಉತ್ತರಕ್ಕೆ 30 ದಿನದ ಮಿತಿ; ತಡವಾದರೂ 60ರೊಳಗೆ ಆಕ್ಷೇಪಣೆಗೆ ಜಾಗವಿರುತ್ತದೆ. ಅವಧಿ ಮುಗಿದ ಮೇಲೆ ಎರಡನೆಯ ಅರ್ಜಿ: ಆವಕ ಸಂಖ್ಯೆ ಇಂಥದ್ದರ ಮೇಲೆ ಪ್ರಾಧಿಕಾರ ಬರೆದ ಷರಾ ಏನು, ಸರ್ಕಾರಕ್ಕೆ ಕಳಿಸಿದ ಶಿಫಾರಸಿನ ಪ್ರತಿ ಕೊಡಿ.

ಅಂತಿಮ ನಕ್ಷೆಯಲ್ಲಿ ಉದ್ಯಾನ ಉಳಿದರೂ ಫೈಲು ಮುಚ್ಚಬೇಡಿ. 1961ರ ಕಾಯ್ದೆಯ ಕಲಂ 69ರಂತೆ ಹಾಗೆ ಮೀಸಲಿಟ್ಟ ಜಮೀನನ್ನು ಗೆಜೆಟ್ ಪ್ರಕಟಣೆಯಿಂದ ಐದು ವರ್ಷದೊಳಗೆ ಒಪ್ಪಂದದಿಂದ ಪಡೆಯದೆ, ಭೂಸ್ವಾಧೀನ ಪ್ರಕ್ರಿಯೆಯನ್ನೂ ಶುರು ಮಾಡದಿದ್ದರೆ ಮೀಸಲಾತಿ ತಾನಾಗಿ ಬಿದ್ದುಹೋಗುತ್ತದೆ. ನಾಲ್ಕನೇ ವರ್ಷ ಮುಗಿಯುವ ಮೊದಲೇ ಭೂಸ್ವಾಧೀನ ಎಲ್ಲಿಗೆ ಬಂತು, ಬಜೆಟ್‌ನಲ್ಲಿ ಹಣ ಇಟ್ಟಿದ್ದಾರೆಯೇ ಎಂದು ಬರೆದು ಕೇಳಿ.