ಬಡ್ಡಿಗೆ ಕೊಟ್ಟ ದುಡ್ಡಿಗೆ ರಕ್ಷಣಾ ನಿಧಿ ಇಲ್ಲ

ಹೋದ ತಿಂಗಳು ಆಳಂದದ ನಿವೃತ್ತ ಮಾಸ್ತರೊಬ್ಬರು ನಮ್ಮ ಆಫೀಸಿಗೆ ಬಂದಿದ್ದರು. ಅವರ ಷೇರು ಬ್ರೋಕರ್ ಕಂಪನಿಗೆ ಬೀಗ ಬಿದ್ದಿತ್ತು. "ಫಂಡ್ ಅದ ಅಂತಲ್ರಿ ಸರ್, 25 ಲಕ್ಷದ ತನಕ ಕೊಡ್ತಾರಂತ?" ಎಂದರು.

ಕಾರ್ವಿ ಎಂಬ ಷೇರು ಬ್ರೋಕರ್ ಕಂಪನಿಯ ಹಗರಣ ಆದಾಗಿನಿಂದ ಈ ಮಾತು ಬಹಳ ಜನರ ಬಾಯಲ್ಲಿದೆ. ಗ್ರಾಹಕರ ಷೇರುಗಳನ್ನೇ ಅಡ ಇಟ್ಟು ಆ ಕಂಪನಿ ಸಾಲ ಎತ್ತಿತ್ತು. 2019ರ ನವೆಂಬರ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ತಡೆ ಹಾಕಿತು. ಡಿಸೆಂಬರ್‌ನಲ್ಲಿ ಸುಮಾರು 83 ಸಾವಿರ ಜನರ ಷೇರುಗಳು ಅವರವರ ಖಾತೆಗೆ ವಾಪಸ್ ಬಂದವು. 2020ರಲ್ಲಿ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ಆ ಕಂಪನಿಯನ್ನು ಡಿಫಾಲ್ಟರ್, ಅಂದರೆ ಬಾಕಿ ತೀರಿಸದವರು ಎಂದಿತು. ಉಳಿದವರಿಗೆ ಹೂಡಿಕೆದಾರರ ರಕ್ಷಣಾ ನಿಧಿಯಿಂದ ತಲಾ 25 ಲಕ್ಷದ ಮಿತಿಯಲ್ಲಿ ಪರಿಹಾರ ಇತ್ತು. ಇಷ್ಟೂ ನಿಜ.

ಆದರೆ ಆ ನಿಧಿ ಷೇರು ವ್ಯವಹಾರದ ದುಡ್ಡಿಗೆ ಮಾತ್ರ. ಇದನ್ನು ಎಷ್ಟು ಸಲ ಹೇಳಿದರೂ ಜನ ಕೇಳುವುದಿಲ್ಲ, ನನಗೆ ಸಿಟ್ಟೇ ಬರುತ್ತದೆ. ಷೇರು ಕೊಳ್ಳಲು ನಿಮ್ಮ ಬ್ಯಾಂಕ್ ಖಾತೆಯಿಂದ ಬ್ರೋಕರ್ ಕಂಪನಿಯ ಗ್ರಾಹಕ ಖಾತೆಗೆ ಹೋದ ದುಡ್ಡಿದೆಯಲ್ಲ, ಅದಕ್ಕೆ ಹಕ್ಕು ಕೇಳಬಹುದು. ಅದನ್ನೂ ದಾಖಲೆ ನೋಡಿಯೇ ತೀರ್ಮಾನಿಸುತ್ತಾರೆ. "ನೂರಕ್ಕೆ ಎರಡು ರೂಪಾಯಿ" ಎಂದು ಬಡ್ಡಿಗೆ ಕೊಟ್ಟರೆ ಅದು ಸಾಲ. ಪಡೆದವನು ಬ್ರೋಕರೇ ಆಗಿರಲಿ, ಅವನ ಏಜೆಂಟನೇ ಆಗಿರಲಿ, ಸಾಲ ಸಾಲವೇ. ಏಜೆಂಟ್ ತನ್ನ ಸ್ವಂತ ಖಾತೆಗೆ ಗ್ರಾಹಕರ ದುಡ್ಡು ಹಾಕಿಸಿಕೊಳ್ಳುವಂತೆಯೇ ಇಲ್ಲ.

ಗಂಜ್‌ನಲ್ಲಿ ತೊಗರಿ ಮಾರಿದ ದುಡ್ಡನ್ನು ಅಡತಿಯವರ ಹತ್ತಿರವೇ ಬಿಟ್ಟು ಬರುವುದು ನಮ್ಮ ಕಡೆ ಹೊಸದಲ್ಲ. ಮುಖ ಪರಿಚಯವೇ ರಸೀದಿ. ಅದೇ ನಂಬಿಕೆಯಲ್ಲಿ ಇಲ್ಲೂ ಚೆಕ್ ಬರೆಯುತ್ತಾರೆ.

ಮಾಸ್ತರರ ಪ್ಲಾಸ್ಟಿಕ್ ಚೀಲ ಬಿಚ್ಚಿದೆವು. 6 ಲಕ್ಷದ ಚೆಕ್ ಏಜೆಂಟನ ಸ್ವಂತ ಹೆಸರಿಗೆ ಹೋಗಿತ್ತು. ಜೊತೆಗೆ ತಿಂಗಳಿಗೆ 12 ಸಾವಿರ ಕೊಡುತ್ತೇನೆಂದು ಅವನು ಬರೆದ ಚೀಟಿ. ನಾಲ್ಕು ಮಡಿಕೆ ಮಾಡಿ ಪಾಸ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದರು.

"ಷೇರುಗಳೂ ಹೋದವೇನ್ರಿ?" ಎಂದು ಅವರ ಮಗಳು ಕೇಳಿದರು. ಡಿಪಾಸಿಟರಿಯಿಂದ, ಅಂದರೆ ಷೇರುಗಳ ಲೆಕ್ಕ ಇಡುವ ಸಂಸ್ಥೆಯಿಂದ, ಬಂದ ಸ್ಟೇಟ್‌ಮೆಂಟ್ ಮಾಸ್ತರರ ಮೇಲ್‌ನಲ್ಲಿ ತೆರೆಯದೆ ಬಿದ್ದಿತ್ತು. ಪ್ಯಾನ್ ನಂಬರೇ ಪಾಸ್‌ವರ್ಡ್. ತೆರೆದರೆ ಅವರು ಕೊಂಡಿದ್ದ 40 ಷೇರೂ ಮಾಸ್ತರರ ಹೆಸರಲ್ಲೇ ಇದ್ದವು. ನಿಮ್ಮ ಡಿಮ್ಯಾಟ್‌ನಲ್ಲಿ, ಅಂದರೆ ಷೇರು ಇಡುವ ಎಲೆಕ್ಟ್ರಾನಿಕ್ ಖಾತೆಯಲ್ಲಿ, ಇರುವ ಷೇರು ಬ್ರೋಕರನ ಆಸ್ತಿ ಅಲ್ಲ, ನಿಮ್ಮದು. ಹಾಗಾಗಿ ಬ್ರೋಕರನ ಆ್ಯಪ್ ನೋಡಿ ಸುಮ್ನೆ ಕೂರಬೇಡಿ. ಈ ಸ್ಟೇಟ್‌ಮೆಂಟಿಗೆ ತಾಳೆ ಹಾಕಿ.

6 ಲಕ್ಷಕ್ಕೆ ಪೊಲೀಸ್ ದೂರು ಬರೆದೆವು, ಸಿವಿಲ್ ದಾವೆಗೆ ವಕೀಲರನ್ನು ನೋಡಲು ಹೇಳಿದೆ. ಎಷ್ಟು ಬರುತ್ತದೆಂದು ನಾನು ಮಾತು ಕೊಡಲಾರೆ. ಸಹಿ ಹಾಕುವಾಗ ಮಾಸ್ತರರು ಪೆನ್ನು ಹಿಡಿದು ನಿಂತೇಬಿಟ್ಟರು. "ಆ ಹುಡುಗ ನನ್ನ ಕೈಯಾಗ ಕಲಿತಾವ್ರಿ ಸರ್" ಎಂದರು. ಮಗಳು ಕಾಗದ ನೇರ ಮಾಡಿ ಹಿಡಿದರು. ಸಹಿ ಹಾಕಿದರು.