ದಿನಕ್ಕೆ 60 ನಿಮಿಷದ ಆಟ: ಈ ಲೆಕ್ಕ ಎಲ್ಲಿಂದ ಬಂತು?

ಮಕ್ಕಳು ದಿನಕ್ಕೆ ಒಂದು ಗಂಟೆ ಮೈ ದಣಿಯುವಂತೆ ಆಡಬೇಕು ಎಂದು ಡಾಕ್ಟರು ಹೇಳಿದರೆ ಸಕಲೇಶಪುರ ಕಡೆಯ ಹಿರಿಯರಿಗೆ ಆಶ್ಚರ್ಯವಾಗುತ್ತದೆ. ಅವರ ಕಾಲದಲ್ಲಿ ಕಾಫಿ ತೋಟದ ಏರು ಹತ್ತಿ, ಹಳ್ಳ ದಾಟಿ ಶಾಲೆ ಮುಟ್ಟುವಷ್ಟರಲ್ಲೇ ಆ ಗಂಟೆ ಮುಗಿಯುತ್ತಿತ್ತು.

1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಬಸ್ ನೌಕರರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಮಕ್ಕಳ ಲೆಕ್ಕ ಶುರುವಾಗಿದ್ದು ತುಂಬಾ ತಡವಾಗಿ. 1988ರಲ್ಲಿ ಅಮೆರಿಕದ ಕ್ರೀಡಾ ವೈದ್ಯರ ಸಂಸ್ಥೆ ದಿನಕ್ಕೆ 20ರಿಂದ 30 ನಿಮಿಷ ಜೋರಾದ ವ್ಯಾಯಾಮ ಬೇಕು ಎಂದಿತು. ಹತ್ತು ವರ್ಷದ ನಂತರ ಇಂಗ್ಲೆಂಡಿನ ತಜ್ಞರು ಅದನ್ನು ಒಂದು ಗಂಟೆಗೆ ಏರಿಸಿದರು. ಆದರೆ ಜೋರಾಗಿಯೇ ಇರಬೇಕೆಂಬ ಷರತ್ತು ಸಡಿಲಿಸಿದರು. ಬಿರುಸಿನ ನಡಿಗೆ, ಸೈಕಲ್ಲು, ಲಗೋರಿ ಎಲ್ಲವೂ ಲೆಕ್ಕಕ್ಕೆ ಬಂತು. ನನ್ನ ಪ್ರಕಾರ ಇದೇ ದೊಡ್ಡ ತಿರುವು. ಆಟಗಾರರಲ್ಲದ ಮಕ್ಕಳಿಗೂ ಇದರಲ್ಲಿ ಜಾಗ ಸಿಕ್ಕಿತು.

2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 5ರಿಂದ 17 ವರ್ಷದವರಿಗೆ ದಿನವೂ ಕನಿಷ್ಠ 60 ನಿಮಿಷ ಎಂದಿತು. 2020ರಲ್ಲಿ ಅದು 'ವಾರದ ಸರಾಸರಿಯಲ್ಲಿ ದಿನಕ್ಕೆ 60 ನಿಮಿಷ' ಆಯಿತು. ಜೊತೆಗೆ ವಾರಕ್ಕೆ 3 ದಿನವಾದರೂ ಓಟದಂಥ ಬಿರುಸಿನ ಆಟ, ಮೂಳೆ ಮತ್ತು ಸ್ನಾಯು ಗಟ್ಟಿಯಾಗುವ ಕುಣಿತ, ಜಿಗಿತ ಇರಬೇಕು. ಈ ಸರಾಸರಿ ಮಲೆನಾಡಿಗೆ ಬಹಳ ಮುಖ್ಯ. ಆಷಾಢದಲ್ಲಿ ಮಳೆ ಹಿಡಿದರೆ ಅಂಗಳಕ್ಕೂ ಇಳಿಯುವಂತಿಲ್ಲ ಅಲ್ವಾ? ಹೊಳವಾದ ದಿನ ಜಾಸ್ತಿ ಆಡಿದರಾಯಿತು. ಮಳೆಯ ದಿನ ಜಗಲಿಯಲ್ಲಿ ಹಗ್ಗ ಹಾರಿದರೂ ಸಾಕು.

ಆದರೂ 11ರಿಂದ 17 ವರ್ಷದವರಲ್ಲಿ ಶೇ. 81ರಷ್ಟು ಮಂದಿ ಈ ಮಟ್ಟ ಮುಟ್ಟುತ್ತಿಲ್ಲ. ಇದು ಇಡೀ ಜಗತ್ತಿನ 2016ರ ಅಂದಾಜು. ಹುಡುಗರಲ್ಲಿ ಶೇ. 78, ಹುಡುಗಿಯರಲ್ಲಿ ಶೇ. 85.

ನಮ್ಮ ಕಡೆ ಇದರ ತಪ್ಪನ್ನು ಸುಮ್ನೆ ಮೊಬೈಲ್ ಮೇಲೆ ಹಾಕಿದರೆ ಆಗಲ್ಲ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಓಡಾಡುವಾಗ ಮಗುವನ್ನು ನಡೆಸಿ ಕಳಿಸುವ ಧೈರ್ಯ ಯಾರಿಗಿದೆ? ಜೀಪು, ವ್ಯಾನೇ ಗತಿ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನವರಿಗೆ ಸೈಕಲ್ ಕೊಡಲು ಶುರು ಮಾಡಿತ್ತು. ಕೊರೊನಾ ಕಾಲದಲ್ಲಿ ಅದೂ ನಿಂತಿತು. ಹತ್ತನೇ ಕ್ಲಾಸಿಗೆ ಬಂದರಂತೂ ಪಿಟಿ ಪೀರಿಯಡ್ಡು ಗಣಿತಕ್ಕೆ ಹೋಗುತ್ತದೆ. ಸಂಜೆ ಸ್ಪೆಷಲ್ ಕ್ಲಾಸು.

ದಾರಿಯಲ್ಲಿ ಕಳೆದುಹೋದ ಆ ಗಂಟೆಯನ್ನು ಶಾಲೆಯ ಗೇಟಿನ ಒಳಗೇ ಹುಡುಕಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗುವ ಅಪ್ಪ-ಅಮ್ಮಂದಿರು ಫಲಿತಾಂಶದ ಜೊತೆ ಪಿಟಿ ಪೀರಿಯಡ್ಡಿನ ಬಗ್ಗೆಯೂ ಕೇಳಲಿ. ಥ್ರೋಬಾಲ್ ಅಂಕಣ ಹುಡುಗಿಯರಿಗೆ ವಾರದಲ್ಲಿ ಎಷ್ಟು ಸಲ ಸಿಗುತ್ತದೆ ಎಂದೂ ಕೇಳಲಿ.