ಕುಂಬಳದ ಪೈಗೆ ಮೊದಲು ನೀರಿನ ಲೆಕ್ಕ

ಸೆಪ್ಟೆಂಬರ್ ಮುಗಿಯುತ್ತ ಬಂದಂತೆ ನಮ್ಮ ಬೇಕರಿಗೆ ಒಂದೇ ಬಗೆಯ ಫೋನ್ ಕರೆಗಳು ಬರತೊಡಗುತ್ತವೆ. ಹಿಟ್ಟಿನ ಚಿಪ್ಪಿನಲ್ಲಿ ಕುಂಬಳದ ತಿರುಳು ತುಂಬಿ ಬೇಯಿಸಿದ ಪೈಯ ತಳ ಹಸಿಹಸಿಯಾಗಿದೆ, ಮೇಲ್ಭಾಗ ಬಿರುಕು ಬಿಟ್ಟಿದೆ, ಕತ್ತರಿಸಿದರೆ ತಟ್ಟೆಯಲ್ಲಿ ನೀರು ನಿಲ್ಲುತ್ತದೆ, ಬಣ್ಣವಿದ್ದರೂ ರುಚಿಯಿಲ್ಲ. ಕೇಳುವವರಲ್ಲಿ ಅಮೆರಿಕದವರೂ ಇದ್ದಾರೆ, ನಮ್ಮ ಊರುಗಳಿಂದ ಬಂದು ಇಲಿನಾಯ್ ರಾಜ್ಯದಲ್ಲಿ ನೆಲೆಸಿದವರೂ ಇದ್ದಾರೆ. ಹನ್ನೊಂದು ವರ್ಷಗಳಿಂದ ಪೈ, ಕೇಕ್ ಮಾಡುವುದೇ ನನ್ನ ಕೆಲಸ. ಈ ನಾಲ್ಕೂ ದೂರುಗಳ ಬೆನ್ನು ಹತ್ತಿ ಹೋದರೆ ನಾನು ಬಂದು ನಿಲ್ಲುವುದು ಒಂದೇ ಕಡೆ: ಕುಂಬಳದೊಳಗಿನ ನೀರು.

ಇದನ್ನು ನಾನು ಕಲಿತದ್ದು ಕೆಡಿಸಿಯೇ. ಇಲ್ಲಿಗೆ ಬಂದ ಮೊದಲ ವರ್ಷ ಅಕ್ಟೋಬರ್ ಕೊನೆಯಲ್ಲಿ ಅಂಗಡಿಯ ಮುಂದೆ ರಾಶಿ ಹಾಕಿದ್ದ ದೊಡ್ಡ ಕಿತ್ತಳೆ ಬಣ್ಣದ ಕಾಯಿಯೊಂದನ್ನು ಹೊತ್ತು ತಂದೆ. ತೀರ್ಥಹಳ್ಳಿಯ ನಮ್ಮ ಅಟ್ಟದಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದ ಚೀನಿಕಾಯಿಯ, ಅಂದರೆ ಸಿಹಿಗುಂಬಳದ, ರುಚಿ ನಾಲಿಗೆಯ ಮೇಲಿತ್ತು. ಬೇಯಿಸಿದರೆ ಸಿಕ್ಕಿದ್ದು ನಾರು ಮತ್ತು ನೀರು. ಅಕ್ಟೋಬರ್ 31ರ ಹ್ಯಾಲೋವೀನ್ ಹಬ್ಬಕ್ಕೆ ಕಣ್ಣು, ಬಾಯಿ ಕೆತ್ತಿ ಒಳಗೆ ದೀಪವಿಡುವುದಕ್ಕೆಂದೇ ಬೆಳೆಸುವ ಕಾಯಿ ಅದು. ಕೆತ್ತಲು ಸುಲಭವಾಗಲಿ, ನೇರವಾಗಿ ನಿಲ್ಲಲಿ, ತೊಟ್ಟು ಗಟ್ಟಿಯಿರಲಿ ಎಂದು ಆ ತಳಿಯನ್ನು ಆರಿಸಿಕೊಂಡು ಬಂದಿದ್ದಾರೆ. ಅದರಲ್ಲಿ ಸಿಹಿಯನ್ನು ಯಾರೂ ಹುಡುಕಿರಲಿಲ್ಲ.

ಆದ್ದರಿಂದ ಕಾಯಿ ಕೊಳ್ಳುವಾಗ ಮೊದಲು ತೊಟ್ಟನ್ನು ನೋಡಿ. ನಾವು ಸಿಹಿಗುಂಬಳ ಎನ್ನುವ ಗುಂಪಿನಲ್ಲಿ ಅಡುಗೆಗೆ ಮುಖ್ಯವಾಗಿ ಮೂರು ಜಾತಿಗಳಿವೆ. ತೊಟ್ಟು ಗಟ್ಟಿಯಾಗಿ, ಏಣುಏಣಾಗಿ, ಮುಟ್ಟಿದರೆ ಚುಚ್ಚುವಂತಿದ್ದರೆ ಅದು ಕುಕುರ್ಬಿಟಾ ಪೆಪೊ. ಕೆತ್ತುವ ಕಾಯಿಗಳು ಈ ಜಾತಿಯವು. ಇದೇ ಜಾತಿಯಲ್ಲಿ ಶುಗರ್ ಪೈ ಎಂಬ ಪುಟ್ಟ ಕಾಯಿಯೂ ಇದೆ, ಅದು ಅಡುಗೆಗೆ ಒಳ್ಳೆಯದು. ತೊಟ್ಟು ನಯವಾಗಿದ್ದು, ಕಾಯಿಯನ್ನು ಸೇರುವಲ್ಲಿ ಆನೆಯ ಪಾದದಂತೆ ಅಗಲವಾಗಿದ್ದರೆ ಕುಕುರ್ಬಿಟಾ ಮಾಸ್ಕಾಟಾ. ಬಟರ್‌ನಟ್ ಈ ಜಾತಿಯದು. ತೊಟ್ಟು ದಪ್ಪಗೆ, ಉರುಟಾಗಿ, ಬೆಂಡಿನಂತಿದ್ದರೆ ಕುಕುರ್ಬಿಟಾ ಮ್ಯಾಕ್ಸಿಮಾ. ಜಪಾನಿನ ಹಸಿರು ಸಿಪ್ಪೆಯ ಕಬೋಚಾ ಈ ಗುಂಪಿಗೆ ಸೇರುತ್ತದೆ. ಬೂದುಗುಂಬಳಕ್ಕೂ ಈ ಮೂರಕ್ಕೂ ಹತ್ತಿರದ ನಂಟಿಲ್ಲ. ಅದು ಏಷ್ಯಾದ್ದು, ಇವು ಅಮೆರಿಕ ಖಂಡದಿಂದ ನಮಗೆ ಬಂದವು. ಕಾಶಿ ಹಲ್ವಕ್ಕೆಂದು ಇಲ್ಲಿಯ ಕಿತ್ತಳೆ ಕಾಯಿಯನ್ನು ತುರಿದು ನಿರಾಶರಾದವರನ್ನು ನಾನು ಕಂಡಿದ್ದೇನೆ. ಅವರು ಚೀನೀ ಅಂಗಡಿಗಳಲ್ಲಿ ವಿಂಟರ್ ಮೆಲನ್ ಎಂಬ ಹೆಸರಿನಲ್ಲಿ ಸಿಗುವ ಕಾಯಿಯನ್ನು ತರಬೇಕು.

ಪೈಗೆ ನನ್ನ ಮತ ಮಾಸ್ಕಾಟಾ ಜಾತಿಗೆ. ನಾನು ಕೆಲಸ ಮಾಡುವ ಊರಿನಿಂದ ಸ್ವಲ್ಪ ದೂರದಲ್ಲಿ ಮಾರ್ಟನ್ ಎಂಬ ಪಟ್ಟಣವಿದೆ. ಅಮೆರಿಕದಲ್ಲಿ ಡಬ್ಬಿಗೆ ತುಂಬುವ ಕುಂಬಳದ ಬಹುಪಾಲು ಅಲ್ಲಿಯ ಲಿಬ್ಬೀಸ್ ಕಾರ್ಖಾನೆಯಿಂದ ಬರುತ್ತದೆ. ಸುತ್ತಲಿನ ಹೊಲಗಳಲ್ಲಿ ಬೆಳೆಯುವುದು ಡಿಕಿನ್ಸನ್ ಎಂಬ ತಳಿ. ಮೊದಲ ಸಲ ಅದನ್ನು ಹೊಲದಲ್ಲಿ ನೋಡಿದಾಗ ನನ್ನ ಎದೆ ಜುಮ್ಮೆಂದಿತು: ಮಾಸಲು ಕಂದು ಸಿಪ್ಪೆ, ಉದ್ದುದ್ದ ಮೈ, ಒಳಗೆ ದಟ್ಟ ಕೇಸರಿ ತಿರುಳು. ಪಟದಲ್ಲಿ ಕಾಣುವ ಕಿತ್ತಳೆ ಕುಂಬಳಕ್ಕಿಂತ ನಮ್ಮ ಚೀನಿಕಾಯಿಗೇ ಅದು ಹತ್ತಿರ. ಜಾತಿಯೂ ಅದೇ ಮಾಸ್ಕಾಟಾ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಅರ್ಕಾ ಚಂದನ್ ಕೂಡ ಮಾಸ್ಕಾಟಾವೇ. ಬೆಂಗಳೂರಿನಲ್ಲಿ ಕುಳಿತು ಪೈ ಮಾಡಬಯಸುವವರು ವಿದೇಶಿ ಡಬ್ಬಿಗೆ ದುಡ್ಡು ಸುರಿಯಬೇಕಾಗಿಲ್ಲ. ಚೆನ್ನಾಗಿ ಬಲಿತ, ಉಗುರು ಊರದ ಸಿಪ್ಪೆಯ ಸಿಹಿಗುಂಬಳ ಸಾಕು.

ಡಬ್ಬಿ ಕೊಳ್ಳುವುದು ಸೋಮಾರಿತನ ಎಂದು ನಾನು ಒಪ್ಪುವುದಿಲ್ಲ. ವರ್ಷವಿಡೀ ಒಂದೇ ಹದದಲ್ಲಿ ಸಿಗುವ ಒಳ್ಳೆಯ ಸಾಮಗ್ರಿ ಅದು. 2009ರ ಕೊಯ್ಲಿನ ಹೊತ್ತಿಗೆ ಇಲಿನಾಯ್‌ನಲ್ಲಿ ಮಳೆ ಹಿಡಿದು ಹೊಲಗಳು ಕೆಸರಾಗಿ, ದೇಶದಲ್ಲೆಲ್ಲ ಕುಂಬಳದ ಡಬ್ಬಿಗೆ ತತ್ವಾರವಾಗಿತ್ತು. ಒಂದು ಸಣ್ಣ ಪ್ರದೇಶದ ಹವಾಮಾನವನ್ನು ಇಡೀ ದೇಶದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ನಂಬಿಕೊಂಡಿದೆ ಎನ್ನುವುದು ಆಗ ಎಲ್ಲರಿಗೂ ಗೊತ್ತಾಯಿತು. ಆದರೆ ಡಬ್ಬಿಯ ಮೇಲಿನ ಬರಹವನ್ನು ಓದಿ. ಬರೀ ತಿರುಳಿನ ಡಬ್ಬಿ ಬೇರೆ, ಸಕ್ಕರೆ ಮತ್ತು ಮಸಾಲೆ ಬೆರೆಸಿದ ಪೈ ಮಿಕ್ಸ್ ಬೇರೆ. ಎರಡೂ ಒಂದೇ ಗೂಡಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ.

ಮನೆಯಲ್ಲಿ ತಿರುಳು ಮಾಡುವವರು ದಯವಿಟ್ಟು ಹೋಳುಗಳನ್ನು ನೀರಿನಲ್ಲಿ ಬೇಯಿಸಬೇಡಿ. ಮೊದಲೇ ನೀರು ತುಂಬಿದ ಕಾಯಿಗೆ ಇನ್ನಷ್ಟು ನೀರು ಕುಡಿಸಿದಂತಾಗುತ್ತದೆ. ಒಂದೂವರೆ ಕಿಲೋದಷ್ಟಿರುವ ಕಾಯಿಯನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ಕತ್ತರಿಸಿದ ಮುಖ ಕೆಳಗಾಗುವಂತೆ ತಟ್ಟೆಯಲ್ಲಿಟ್ಟು 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಿ. ಚಾಕು ಬೆಣ್ಣೆಯಲ್ಲಿ ಇಳಿದಂತೆ ಇಳಿಯಬೇಕು. ತಣಿದ ಮೇಲೆ ತಿರುಳನ್ನು ಕೆರೆದು ರುಬ್ಬಿ, ಅಗಲ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಿ. ಹಲ್ವ ಮಾಡುವ ಕೈಗಳಿಗೆ ಈ ಹದವನ್ನು ನಾನು ಹೇಳಿಕೊಡಬೇಕಿಲ್ಲ: ಸಟ್ಟುಗದಿಂದ ನಡುವೆ ಗೆರೆ ಎಳೆದರೆ ಎರಡು ಕಡೆಯ ತಿರುಳು ಕೂಡಲೇ ಬಂದು ಸೇರಬಾರದು. ನೀರು ಕೂಡ ಒಸರಬಾರದು. ನನ್ನ ಅನುಭವದಲ್ಲಿ 700 ಗ್ರಾಂ ತಿರುಳು ಇಳಿದು 450ರ ಆಸುಪಾಸಿಗೆ ಬರುತ್ತದೆ. ಒಂದು ಪೈಗೆ ಬೇಕಾದದ್ದು ಅಷ್ಟೇ; ಇಲ್ಲಿಯ ಸಾಮಾನ್ಯ ಡಬ್ಬಿಯ ತೂಕ 425 ಗ್ರಾಂ.

ಡಬ್ಬಿಯ ತಿರುಳನ್ನೂ ನಾನು ಹೀಗೆಯೇ ಐದು ನಿಮಿಷ ಬಾಡಿಸುತ್ತೇನೆ. ಸಕ್ಕರೆ, ಉಪ್ಪು, ಒಣಶುಂಠಿ, ಚಕ್ಕೆ, ಲವಂಗ, ಜಾಯಿಕಾಯಿಯ ಪುಡಿಗಳನ್ನು ಆಗಲೇ ಹಾಕುತ್ತೇನೆ. ಡಬ್ಬಿಯ ಲೋಹದ ವಾಸನೆ ಹೋಗಿ ಮಸಾಲೆ ಅರಳುತ್ತದೆ. ಮಸಾಲೆಯ ಬಗ್ಗೆ ಒಂದೇ ಮಾತು: ಲವಂಗದ ಮೇಲೆ ಕೈ ಹಿಡಿತದಲ್ಲಿರಲಿ. ಕಾಲು ಚಮಚ ದಾಟಿದರೆ ಪೈ ಹಲ್ಲುನೋವಿನ ಔಷಧದಂತೆ ಹೊಡೆಯುತ್ತದೆ.

ಇನ್ನು ಒಲೆಯ ವಿಷಯ. ಕುಂಬಳದ ಪೈ ಕೇಕ್ ಅಲ್ಲ, ಮೊಟ್ಟೆ ಮತ್ತು ಹಾಲಿನಿಂದ ಕಟ್ಟುವ ಕಸ್ಟರ್ಡ್. ಈ ಒಂದು ಮಾತು ಮನಸ್ಸಿನಲ್ಲಿ ನೆಟ್ಟರೆ ಅರ್ಧ ತಪ್ಪುಗಳು ತಾವಾಗಿ ನಿಲ್ಲುತ್ತವೆ. ಲಿಬ್ಬೀಸ್ ಡಬ್ಬಿಯ ಮೇಲೆ 1950ರಿಂದ ಅಚ್ಚಾಗುತ್ತ ಬಂದ ಅಳತೆಯನ್ನೇ ನೋಡಿ: ಒಂದು ಡಬ್ಬಿ ತಿರುಳು, ಒಂದು ಡಬ್ಬಿ ಸಿಹಿಯಿಲ್ಲದ ಗಟ್ಟಿಹಾಲು, ಎರಡು ಮೊಟ್ಟೆ, ಮುಕ್ಕಾಲು ಕಪ್ ಸಕ್ಕರೆ, ಜೊತೆಗೆ ಉಪ್ಪು ಮತ್ತು ಮಸಾಲೆ. ಇಷ್ಟನ್ನೂ ಹಿಡಿದಿಡುವುದು ಆ ಎರಡು ಮೊಟ್ಟೆಗಳೇ. ಪೈಯ ನಡುಭಾಗ ಸುಮಾರು 80 ಡಿಗ್ರಿ ಸೆಲ್ಸಿಯಸ್, ಅಂದರೆ 175 ಡಿಗ್ರಿ ಫ್ಯಾರನ್‌ಹೀಟ್ ತಲುಪಿದಾಗ ಹೊರಗೆ ತೆಗೆಯಬೇಕು. ಆಚೆ ಹೋದರೆ ಮೊಟ್ಟೆಯ ಪ್ರೋಟೀನು ಬಿಗಿದುಕೊಂಡು, ಹಿಡಿದಿದ್ದ ನೀರನ್ನು ಹಿಂಡಿ ಬಿಡುತ್ತದೆ. ಮೇಲಿನ ಬಿರುಕಿಗೂ ತಟ್ಟೆಯ ನೀರಿಗೂ ಅದೇ ಕಾರಣ. ತಿರುಳಿನಲ್ಲಿ ನೀರು ಹೆಚ್ಚಾದರೆ ನಡುಭಾಗ ಕಟ್ಟಲು ತಡವಾಗುತ್ತದೆ, ನಾವು ಕಾಯುತ್ತೇವೆ, ಅಷ್ಟರಲ್ಲಿ ಅಂಚು ಬೆಂದು ಸೀಳುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೆ ತಟ್ಟೆಯನ್ನು ಮೆಲ್ಲಗೆ ಅಲುಗಿಸಿ. ಅಂಚು ಗಟ್ಟಿಯಾಗಿ, ನಡುವಿನ ಅಂಗೈಯಷ್ಟು ಜಾಗ ಮಾತ್ರ ಗಿಣ್ಣಿನಂತೆ ನಡುಗಬೇಕು. ದ್ರವದಂತೆ ತೆರೆಯೆದ್ದರೆ ಇನ್ನೂ ಆಗಿಲ್ಲ. ಉಳಿದದ್ದು ಹೊರಗೆ ತನ್ನದೇ ಶಾಖದಲ್ಲಿ ಕಟ್ಟಿಕೊಳ್ಳುತ್ತದೆ.

ತಳ ಹಸಿಯಾಗದಿರಲು ಹಿಟ್ಟಿನ ಚಿಪ್ಪನ್ನು ಮೊದಲು ಬರಿದಾಗಿ ಬೇಯಿಸಿಕೊಳ್ಳಬೇಕು. ಒಳಗೆ ಕಾಗದ ಹಾಸಿ, ಉಬ್ಬದಂತೆ ಹಳೆಯ ಅಕ್ಕಿ ಅಥವಾ ಹುರುಳಿ ತುಂಬಿ ಬೇಯಿಸಿ, ಆಮೇಲೆ ಭಾರ ತೆಗೆದು ತಳ ಒಣಗಿ ತಿಳಿಕಂದು ಬರುವವರೆಗೆ ಇಡಿ. ಬಾಣಲೆಯಿಂದ ಇಳಿಸಿದ ಬೆಚ್ಚಗಿನ ತಿರುಳಿಗೆ ಹಾಲು, ಮೊಟ್ಟೆ ಕಲಸಿ ಬಿಸಿ ಚಿಪ್ಪಿಗೇ ಸುರಿದರೆ ಅದು ಬೇಗ ಕಟ್ಟುತ್ತದೆ. ಚಿಪ್ಪಿಗೆ ನೀರು ಹೀರಲು ಹೊತ್ತು ಸಿಗುವುದಿಲ್ಲ.

ಮೊಟ್ಟೆ ಬೇಡ ಎನ್ನುವವರು ನನ್ನ ಗಿರಾಕಿಗಳಲ್ಲಿ ಬಹಳ ಮಂದಿ, ಹೆಚ್ಚಿನವರು ನಮ್ಮವರೇ. ಮೊಟ್ಟೆಯನ್ನು ಬಿಟ್ಟು ಜೋಳದ ಪಿಷ್ಟ, ಅಂದರೆ ನಾವು ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಕೇಳುವ ಪುಡಿಯನ್ನು ಸೇರಿಸಿ, ಉಳಿದುದೆಲ್ಲ ಮೊದಲಿನಂತೆಯೇ ಬೇಯಿಸಿದರೆ ಪೈ ಕಟ್ಟುವುದಿಲ್ಲ. ಪಿಷ್ಟಕ್ಕೆ ಮೊಟ್ಟೆಗಿಂತ ಹೆಚ್ಚು ಬಿಸಿ ಬೇಕು, ಕುದಿಯ ಹತ್ತಿರ ಹೋಗದೆ ಅದು ಪೂರ್ತಿ ದಪ್ಪಗಾಗುವುದಿಲ್ಲ. ಆದ್ದರಿಂದ ನಾನು ಹಾಲುಬಾಯಿಯ ದಾರಿ ಹಿಡಿದೆ. ತಿರುಳು, ಹಾಲು, ಸಕ್ಕರೆ, ಮೂರು ದೊಡ್ಡ ಚಮಚ ಪಿಷ್ಟವನ್ನು ಒಲೆಯ ಮೇಲೆಯೇ ಗುಳ್ಳೆ ಏಳುವ ತನಕ ಕಾಸಿ, ಮತ್ತೆ ಎರಡು ನಿಮಿಷ ಮಗುಚಿ, ಪೂರ್ತಿ ಬೆಂದ ಚಿಪ್ಪಿಗೆ ಸುರಿದು ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡುತ್ತೇನೆ. ಓವನ್‌ಗೆ ಮತ್ತೆ ಹೋಗುವ ಮಾತೇ ಇಲ್ಲ. ಸಕ್ಕರೆಯ ಬದಲು ಬೆಲ್ಲ ಹಾಕುವುದಾದರೆ ಹಾಲಿಗೆ ನೇರವಾಗಿ ಹಾಕಬೇಡಿ, ಒಡೆಯಬಹುದು. ತಿರುಳಿನ ಜೊತೆ ಬೆಲ್ಲವನ್ನು ಮೊದಲು ಕಾಯಿಸಿ, ಅದರ ನೀರನ್ನೂ ಬತ್ತಿಸಿ, ಆರಿದ ಮೇಲೆ ಹಾಲು ಸೇರಿಸಿ. ಈ ಪೈಯನ್ನು ತಿಂದ ಒಬ್ಬ ಹಿರಿಯರು ತಟ್ಟೆ ಕೆಳಗಿಟ್ಟು, "ಇದು ನಮ್ಮ ಮನೆಯ ಕಡುಬಿನ ಹೂರಣ ಅಲ್ಲವೇನಮ್ಮಾ?" ಎಂದು ಕೇಳಿದ್ದರು.

ಕೇಕ್ ಮತ್ತು ಬ್ರೆಡ್‌ನಲ್ಲಿ ನೀರು ಅಷ್ಟು ಕಾಡುವುದಿಲ್ಲ, ಹಿಟ್ಟು ಹೀರಿಕೊಳ್ಳುತ್ತದೆ. ಕುಂಬಳದಲ್ಲಿ ಹುಳಿ ತೀರ ಕಡಿಮೆ ಎನ್ನುವುದನ್ನಷ್ಟೇ ನೆನಪಿಡಿ. ಸೋಡಾ ಒಂದನ್ನೇ ನಂಬಿದರೆ ಸಾಬೂನಿನ ರುಚಿ ಉಳಿಯುತ್ತದೆ. ಸ್ವಲ್ಪ ಮಜ್ಜಿಗೆ ಸೇರಿಸಿ, ಇಲ್ಲವೇ ಬೇಕಿಂಗ್ ಪೌಡರ್ ಬಳಸಿ. ಸೂಪಿಗೆ, ಸಾಂಬಾರಿಗೆ ಕಬೋಚಾ ತನ್ನಿ. ಅದರ ಸಿಪ್ಪೆಯೂ ಮೆತ್ತಗೆ ಬೇಯುತ್ತದೆ.

ಹುಳಿ ಕಡಿಮೆ ಎಂದೆನಲ್ಲ, ಅದರಲ್ಲಿ ಒಂದು ಅಪಾಯವೂ ಇದೆ. ಕುಂಬಳದ ತಿರುಳನ್ನು ಮನೆಯಲ್ಲಿ ಗಾಜಿನ ಶೀಸೆಗಳಿಗೆ ತುಂಬಿ, ಮುಚ್ಚಿ, ಹೊರಗಿಡುವುದನ್ನು ಅಮೆರಿಕದ ಕೃಷಿ ಇಲಾಖೆ ಖಡಾಖಂಡಿತವಾಗಿ ಬೇಡವೆನ್ನುತ್ತದೆ. ದಟ್ಟ ತಿರುಳಿನ ನಡುವಿಗೆ ಶಾಖ ಸಮನಾಗಿ ಹೋಗುವುದಿಲ್ಲ. ಬಾಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷವನ್ನು ಹುಟ್ಟಿಸುವ ಬ್ಯಾಕ್ಟೀರಿಯಾ ಅಂಥ ಕಡೆ ಬದುಕಿಕೊಳ್ಳುತ್ತದೆ. ಫ್ರೀಜರ್‌ನಲ್ಲಿ ಇಡುವುದೊಂದೇ ನೆಮ್ಮದಿಯ ದಾರಿ. ಕಹಿಯಾದ ಕಾಯಿ ಸಿಕ್ಕರೆ ಬೆಲ್ಲ ಹಾಕಿ ಸರಿಪಡಿಸಲು ಹೋಗಬೇಡಿ. ಆ ಕಹಿ ಹೊಟ್ಟೆ ಕೆಡಿಸುವ ಕುಕುರ್ಬಿಟಾಸಿನ್‌ನದು, ಬೇಯಿಸಿದರೂ ಹೋಗುವುದಿಲ್ಲ. ಅಂಥ ಕಾಯಿಯನ್ನು ಎಸೆಯಿರಿ.

ನವೆಂಬರ್‌ನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್, ಇಲ್ಲಿ ಕುಂಬಳದ ಪೈ ತಿನ್ನುವ ಹಬ್ಬ. ಮನೆಯಲ್ಲಿ ಮಾಡುವವರು ಒಂದು ವಾರ ಮೊದಲೇ ತಿರುಳನ್ನು ಬತ್ತಿಸಿ 425 ಗ್ರಾಂನಂತೆ ಚೀಲಗಳಿಗೆ ತುಂಬಿ ಫ್ರೀಜರ್‌ನಲ್ಲಿಡಿ. ಮಂಗಳವಾರ ರಾತ್ರಿ ಫ್ರಿಜ್‌ಗೆ ಇಳಿಸಿ. ಕರಗುವಾಗ ಅದು ಮತ್ತೆ ಸ್ವಲ್ಪ ನೀರು ಬಿಡುತ್ತದೆ, ಅದನ್ನು ತಪ್ಪದೆ ಚೆಲ್ಲಿ. ಬುಧವಾರ ಮಧ್ಯಾಹ್ನ ಪೈ ಬೇಯಿಸಿ, ಜಾಲರಿಯ ಮೇಲೆ ಎರಡು ಗಂಟೆ ಆರಲು ಬಿಡಿ. ಪೂರ್ತಿ ತಣಿಯುವ ಮುಂಚೆ ಮುಚ್ಚಳ ಹಾಕಿದರೆ ಆವಿ ನೀರಾಗಿ ಮೇಲೆ ತೊಟ್ಟಿಕ್ಕುತ್ತದೆ, ಇಷ್ಟು ಹೊತ್ತು ಓಡಿಸಿದ ನೀರು ಆ ದಾರಿಯಲ್ಲಿ ಒಳಗೆ ಬಂದುಬಿಡುತ್ತದೆ. ಆದ್ದರಿಂದ ಮೊದಲು ತೆರೆದೇ ಫ್ರಿಜ್‌ಗೆ ಇಡಿ, ಮಲಗುವ ಮುನ್ನ ಮುಚ್ಚಿ.